ಬ್ಯಾಡ ಅನ್ನುತ್ತಿದ್ದವರು

ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಅವರಿಗೆ ‘ಸುಮ್ನ ಕುಂದ್ರೋ ಮೇಡಂ’ ಎಂಬ ಹೆಸರಿತ್ತು. ಇಟ್ಟವರು ಗೇಲಿಗೆಂದೇ ಇಟ್ಟಿದ್ದರು. ಆ ಹೆಸರು ಹೇಗೋ ಅವರ ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. “ನನ್ನ ಕೆಲಸ ಏನಂತ ಇಷ್ಟು ಚಂದಾಗಿ ನಾನೂ ಯಾರಿಗೂ ಹೇಳಿದ್ದಿಲ್ಲ ನೋಡವಾ” ಎಂದು ನನ್ನ ಮುಂದೆ ಹೇಳಿ ನಕ್ಕರು.

ಅವರು ವ್ಯಾಪಾರಸ್ಥರಿಗೆ ಸಲಹೆ ಕೊಡುತ್ತಿದ್ದರು. ಅದೇ ಅವರ ಉದ್ಯೋಗ. ವಕೀಲರು ಕೋರ್ಟಿನ ಕೆಲಸಕ್ಕೆ ಫೀ ತೆಗೆದುಕೊಳ್ಳುವಂತೆ ಇವರು ಅಂಗಡಿ, ಭಟ್ಟಿ, ಗಿರಣಿ, ಹೊಲಿಗೆ ಯೂನಿಟ್ಟುಗಳಿಗೆ ಹೋಗಿ, ದುಡ್ಡು ಎಲ್ಲಿ ಸೋರುತ್ತಿದೆ ಎಂದು ನೋಡಿ ಹೇಳಿ ಫೀ ತೆಗೆದುಕೊಳ್ಳುತ್ತಿದ್ದರು. ನಾನು ಬಿ.ಕಾಂ. ಮುಗಿಸಿದ ಹೊಸದರಲ್ಲಿ ಅವರ ಕಚೇರಿಗೆ ಸೇರಿದೆ. ಆ ಕಚೇರಿಯ ಮೊದಲ ನೌಕರಳು ನಾನೇ, ಕೊನೆಗೆ ಬಾಗಿಲು ಹಾಕಿದ ದಿನ ಜೊತೆಯಲ್ಲಿದ್ದವಳೂ ನಾನೇ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಪೇಪರಿನಲ್ಲಿ ಫೋಟೋ ಬಂದರೂ ಮುಜುಗರಪಡುತ್ತಿದ್ದ ಹೆಂಗಸು.

ಕುಳ್ಳಗಿನ ಆಳು. ಗಂಜಿ ಹಾಕಿದ ಕಾಟನ್ ಸೀರೆ, ಹಣೆಯ ಮೇಲೆ ತೆಳುವಾದ ವಿಭೂತಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಚಾಳೀಸು ಕನ್ನಡಕ. ಊರು ಕುರುಗೋಡು. ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಬಹಳ ವರ್ಷ ಲೆಕ್ಕಪತ್ರ ನೋಡುತ್ತಿದ್ದರಂತೆ. ಮಾಲೀಕ ಒಳ್ಳೆಯವನು, ಆದರೆ ಯಾರಾದರೂ ಹೊಸ ಮಿಷನ್ ತಂದರೆ ತಾನೂ ತರುವವನು. ಕಾರ್ಖಾನೆ ಮುಚ್ಚಿದಾಗ ಅವರ ವಯಸ್ಸು ನಲವತ್ತು ದಾಟಿತ್ತು. “ಬ್ಯಾಡ ಅನ್ನೋರು ಒಬ್ಬರಿದ್ದಿದ್ರ ಆ ಮನುಷ್ಯಾ ಉಳಿತಿದ್ದ. ನನಗ ಅನ್ನಬೇಕು ಅನಸ್ತಿತ್ತು, ಆದ್ರ ನಾ ಪಗಾರ ತಗೊಳ್ಳಾಕಿ, ಹೆಂಗ ಅನ್ನಲಿ?” ಎನ್ನುತ್ತಿದ್ದರು. ಪಗಾರವಿಲ್ಲದೆ ‘ಬ್ಯಾಡ’ ಎನ್ನಬಹುದಾದ ಉದ್ಯೋಗವನ್ನು ಆಮೇಲೆ ಅವರೇ ಹುಟ್ಟಿಸಿಕೊಂಡರು.

ಕೌಲ್ ಬಜಾರಿನ ಒಂದು ಓಣಿಯಲ್ಲಿ ಮಹಡಿಯ ಮೇಲೊಂದು ಕೋಣೆ ನಮ್ಮ ಕಚೇರಿ. ಕೆಳಗೆ ಜೀನ್ಸ್ ತೊಳೆಯುವವರ ನೀಲಿ ನೀರು ಚರಂಡಿಯಲ್ಲಿ ಹರಿಯುತ್ತಿತ್ತು. ಬೋರ್ಡಿನ ಮೇಲೆ ‘ವ್ಯಾಪಾರ ಸಲಹೆಗಾರರು’ ಎಂದಿದ್ದುದನ್ನು ಓದಿ ಕೆಲವರು ಜ್ಯೋತಿಷ್ಯದ ಕಚೇರಿ ಎಂದುಕೊಂಡು ಹತ್ತಿಬರುತ್ತಿದ್ದರು. ಒಬ್ಬ ಕಿರಾಣಿ ಅಂಗಡಿಯವನು ಬಂದು ಗಂಭೀರವಾಗಿ, “ಗಲ್ಲಾಪೆಟ್ಟಿಗಿ ಯಾವ ದಿಕ್ಕಿಗಿಟ್ರ ಚಲೋರಿ ಅಮ್ಮಾ?” ಎಂದು ಕೇಳಿದ. ಅವರೂ ಅಷ್ಟೇ ಗಂಭೀರವಾಗಿ, “ನೀವು ಊಟಕ್ಕ ಕುಂತಾಗ ನಿಮ್ಮ ಕಣ್ಣಿಗೆ ಯಾವ ದಿಕ್ಕು ಬೀಳ್ತೈತೋ ಆ ದಿಕ್ಕಿಗಿಡ್ರಿ” ಎಂದರು. ಆತ ಅಂಗಡಿ ನೋಡಲು ಬರಬೇಕೆಂದು ಕೇಳಿಕೊಂಡು ಹೋದ.

ಯಾರೇ ಕರೆಯಲಿ, ಮೊದಲ ದಿನ ಅವರು ಏನೂ ಹೇಳುತ್ತಿರಲಿಲ್ಲ. ಬಾಗಿಲು ತೆಗೆಯುವ ಹೊತ್ತಿಗೆ ಹೋಗುವುದು, ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿಸಿಕೊಳ್ಳುವುದು, ಕೈಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕುವುದು, ಬಾಗಿಲು ಹಾಕುವ ತನಕ ಕೂತಿರುವುದು. ಗಡಿಯಾರ ಯಾಕೆ ಬಿಚ್ಚುತ್ತೀರಿ ಎಂದು ಒಮ್ಮೆ ಕೇಳಿದೆ.

“ನಾ ಟೈಮ್ ನೋಡಿದ್ರ ಅವರೂ ನೋಡ್ತಾರವಾ. ಆಮ್ಯಾಲ ಅವರು ವ್ಯಾಪಾರ ಮಾಡಂಗಿಲ್ಲ, ನನ್ನ ಕಳಸಾಕ ದಾರಿ ಹುಡುಕ್ತಾರ” ಎಂದರು.

ಒಬ್ಬ ಜೀನ್ಸ್ ಯೂನಿಟ್ಟಿನ ಮಾಲೀಕ, ಮನೆಯಲ್ಲಿ ತೆಲುಗು ಮಾತಾಡುವವನು, ಹೊಲಿಗೆ ಮಿಷನ್ನುಗಳನ್ನು ಹೆಚ್ಚಿಸುವ ಉತ್ಸಾಹದಲ್ಲಿ ಇವರನ್ನು ಕರೆದ. ಎಷ್ಟು ತರಲಿ ಎಂಬುದಷ್ಟೇ ಅವನ ಪ್ರಶ್ನೆ. ಇವರು ಎರಡು ದಿನ ಕೂತು ಎದ್ದವರು, “ಬ್ಯಾಡ್ರಿ” ಎಂದರು. ಅವನ ಮುಖ ಇಳಿದುಹೋಯಿತು.

“ಆ ಮೂಲಿ ನೋಡ್ರಿ. ಹೊಲಿದು ಮುಗಿಸಿದ ಪ್ಯಾಂಟು ಅಲ್ಲಿ ಗುಡ್ಡ ಆಗಿ ಬಿದ್ದಾವ. ಕಾಜಾ ಮಾಡಿ ಗುಂಡಿ ಹಾಕಾಕ ಹೊರಗ ಕಳಸ್ತೀರಿ, ಅವರು ತಿರುಗಿ ಕೊಡೋ ತನಕ ನಿಮ್ಮ ಮಾಲು ನಿಮ್ಮ ಕೈಯಾಗಿಲ್ಲ. ಹೊಲಿಯೋ ಮಿಷನ್ ಹೆಚ್ಚು ಮಾಡಿದ್ರ ಆ ಗುಡ್ಡ ಹೆಚ್ಚಾಕೈತಿ, ಅಷ್ಟ. ಒಂದು ಕಾಜಾ ಮಿಷನ್ ತರ್ರಿ. ಹಳೇದಾದ್ರೂ ನಡಿತೈತಿ.”

ಆತ ದಿನವೂ ಆ ಮೂಲೆಯನ್ನು ದಾಟಿಯೇ ಓಡಾಡುತ್ತಿದ್ದವನು. ಒಂದು ಮಾತಿಗೆ ಇಷ್ಟು ಫೀಯೇ ಎಂದು ಗೊಣಗಿದನಾದರೂ ಕೊಟ್ಟ. ಮುಂದಿನ ವರ್ಷ ಮತ್ತೆ ಕರೆದ.

ಸಿರುಗುಪ್ಪದ ಹುಸೇನಸಾಬ್ ಗೊಣಗುವವರಲ್ಲ. ಅವರದು ಮಂಡಕ್ಕಿ ಭಟ್ಟಿ. ಮಧ್ಯಾಹ್ನದೊಳಗೆ ಮಾಲೆಲ್ಲ ಖಾಲಿಯಾಗುತ್ತದೆ, ಇನ್ನೊಂದು ಭಟ್ಟಿ ಹಾಕಬೇಕು ಎಂಬುದು ಅವರ ಯೋಚನೆ. ಮೇಡಂ ಆ ಕಾದ ಉಸುಕಿನ ಝಳದ ಪಕ್ಕ ಇಡೀ ದಿನ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತರು. ಸಂಜೆ ಹೇಳಿದರು: “ಎರಡನೇ ಭಟ್ಟಿ ಬ್ಯಾಡ ಹುಸೇನಣ್ಣಾ. ಇರೋ ಭಟ್ಟೀನ ಒಂದು ತಾಸು ಮುಂಚೆ ಹಚ್ರಿ. ರಾರಾವಿ ಕಡಿ ಮೊದಲನೇ ಬಸ್ಸು ಖಾಲಿ ಹೋಗಾಕತೈತಿ, ಅದರಾಗ ಚೀಲ ಹಾಕ್ರಿ. ಹಳ್ಳಿ ಹೋಟೆಲಿನೋರು ಒಗ್ಗರಣಿ ಮಾಡೋದು ಮುಂಜಾನಿ. ನಿಮ್ಮ ಮಂಡಕ್ಕಿ ಅವರಿಗೆ ಮುಟ್ಟೋದು ಮಧ್ಯಾಹ್ನ.” ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: “ಮತ್ತ, ಒಬ್ಬನ ಒಬ್ಬ ಗಿರಾಕೀನ ನಂಬಿ ಕುಂದರಬ್ಯಾಡ್ರಿ. ಆ ದೊಡ್ಡ ಹೋಟೆಲಿನೋನು ಅರ್ಧಾ ಮಾಲು ತಗೊಳ್ತಾನ ಅಂತ ಹಿಗ್ಗಬ್ಯಾಡ್ರಿ.”

ಹುಸೇನಸಾಬ್ ಫೀಯನ್ನು ಎರಡೂ ಕೈಯಿಂದ ಕೊಟ್ಟರು. ಜೊತೆಗೆ ಒಂದು ಚೀಲ ಮಂಡಕ್ಕಿ. ನಮ್ಮ ಕಚೇರಿಯಲ್ಲಿ ಎಷ್ಟೋ ದಿನ ಮಂಡಕ್ಕಿ ಒಗ್ಗರಣೆಯೇ ನಡೆಯಿತು, ಕೆಳಗಿನ ಅಂಗಡಿಯಿಂದ ಮಿರ್ಚಿ ತರಿಸಿಕೊಂಡು. ಹುಸೇನಸಾಬರ ಭಟ್ಟಿ ಒಂದು ತಾಸು ಮುಂಚೆ ಹೊತ್ತತೊಡಗಿತು, ಎರಡನೆಯ ಭಟ್ಟಿಯ ಅಗತ್ಯ ಬೀಳಲೇ ಇಲ್ಲ.

ಹೀಗೆ ಅವರ ಹೆಸರು ಹಬ್ಬಿತು. ಆದರೆ ದೊಡ್ಡ ಸಂಪಾದನೆಯೇನಲ್ಲ. ಒಬ್ಬರ ಹತ್ತಿರ ಒಂದಿಡೀ ದಿನ ಕೂರುವವರು ತಿಂಗಳಿಗೆ ಎಷ್ಟು ಜನರನ್ನು ನೋಡಿಯಾರು? ಗಂಡ ಹೈಸ್ಕೂಲು ಮಾಸ್ತರು, ಮನೆ ನಡೆಯುತ್ತಿತ್ತು. ಅವರನ್ನು ಕಾಡುತ್ತಿದ್ದುದು ಬೇರೆ. ಒಂದು ದಿನ ಕುರುಗೋಡಿನಿಂದ ಶೇಂಗಾ ಚಟ್ನಿ ಮಾಡಿ ಮಾರುವ ಹೆಂಗಸೊಬ್ಬಳು ಮಹಡಿ ಹತ್ತಿ ಬಂದಳು. ಫೀ ಎಷ್ಟೆಂದು ನನ್ನನ್ನು ಕೇಳಿದಳು. ಹೇಳಿದೆ. “ಆತ್ರಿ, ಮನ್ಯಾಗ ಕೇಳಿ ಬರ್ತೀನ್ರಿ” ಎಂದು ಇಳಿದು ಹೋದಳು. ಒಳಗಿದ್ದ ಮೇಡಂಗೆ ಮಾತು ಕೇಳಿಸಿ ಹೊರಗೆ ಬಂದು ಮೆಟ್ಟಿಲ ತನಕ ಹೋದರು, ಅಷ್ಟರಲ್ಲಿ ಆಕೆ ಬಜಾರಿನ ಜನದಲ್ಲಿ ಸೇರಿಹೋಗಿದ್ದಳು. ಆಕೆಯ ಊರು ಕುರುಗೋಡು, ಕೈಯಲ್ಲಿ ಚಟ್ನಿಯ ಪೊಟ್ಟಣವಿತ್ತು ಎಂದು ನಾನೇ ಹೇಳಿದೆ. “ನಮ್ಮೂರಾಕಿ. ಚಟ್ನಿ ಪೊಟ್ಲಿ ಕೈಯಾಗ ಹಿಡಕೊಂಡು ಬಂದಿದ್ಲು. ರುಚಿ ನೋಡ್ರಿ ಅಂತ ಕೊಡಾಕ ಇರಬೇಕು” ಎಂದು ಆ ವಾರವೆಲ್ಲ ಹೇಳಿಕೊಂಡರು.

ಆ ಹೊತ್ತಿಗೇ ಸರ್ಕಾರದ ಯೋಜನೆಯೊಂದು ಬಂತು. ಸಣ್ಣ ಉದ್ಯೋಗ ಮಾಡುವವರಿಗೆ ಸಲಹೆ, ತರಬೇತಿ ಕೊಡುವ ನಮ್ಮಂಥ ಸಂಸ್ಥೆಗಳಿಗೆ ತಾಲೂಕುಗಳಲ್ಲಿ ಕೇಂದ್ರ ತೆರೆಯಲು ಅನುದಾನ. ಬಾಡಿಗೆ, ಸಿಬ್ಬಂದಿಯ ಸಂಬಳ, ಕುರ್ಚಿ ಕಂಪ್ಯೂಟರು ಎಲ್ಲ ಸರ್ಕಾರದ್ದು. ಬಂದವರಿಂದ ಮಾತ್ರ ಒಂದು ಪೈಸೆಯನ್ನೂ ತೆಗೆದುಕೊಳ್ಳುವಂತಿಲ್ಲ. ಅದನ್ನು ಓದಿದ ಮೇಡಂ ಮುಖ ಅರಳಿತು. ಜಿಲ್ಲೆಯ ಅಧಿಕಾರಿಯೂ ಒಳ್ಳೆಯವರು. ಇವರ ಕೆಲಸದ ಬಗ್ಗೆ ಕೇಳಿದ್ದವರು, “ನಿಮ್ಮಂಥೋರಿಗೇ ಅಂತ ಬಂದಿರೋ ಸ್ಕೀಮ್ ಇದು, ಹಾಕಿ ಮೇಡಂ” ಎಂದರು.

ಮಾಸ್ತರು ಮಾತ್ರ ಒಂದು ಸಂಜೆ ಸ್ಕೂಟರಿನಲ್ಲಿ ಕರೆದೊಯ್ಯಲು ಬಂದವರು ನನ್ನೆದುರಿಗೇ ಕೇಳಿದರು, “ಈಗಿರೋದು ಸಾಲದೇನು ನಿನಗ?”

“ನನಗ ಸಾಕು” ಎಂದರು ಮೇಡಂ. “ಮೆಟ್ಲ ಇಳಿದು ಹೋದಾಕಿಗೆ ಸಾಲದು.”

ಮಾಸ್ತರು ಹೋಗಿ ಸ್ಕೂಟರ್ ಹಚ್ಚಿದರು.

ಅನುದಾನ ಮಂಜೂರಾಯಿತು. ಸಿರುಗುಪ್ಪದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೇಂದ್ರ, ಕುರುಗೋಡಿನಲ್ಲಿ ಒಂದು. ಕುರುಗೋಡಿನ ಬೋರ್ಡು ಏರಿಸಿದ ದಿನ ಅವರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನು ನೋಡಿದರು. ಅವರ ಸೋದರಮಾವ, ಬಹಳ ವಯಸ್ಸಾದವರು, ಬೆನ್ನು ತಟ್ಟಿ, “ಬಳ್ಳಾರಿಗೆ ಹೋದಾಕಿ ಸರ್ಕಾರಾನ ಕರಕೊಂಡು ಬಂದಿ ನೋಡು” ಎಂದರು. ಚಟ್ನಿಯ ಹೆಂಗಸನ್ನು ಹುಡುಕಿಸಿ ಮೊದಲ ದಿನವೇ ಕರೆಸಿದರು. ಆಕೆಗೆ ಚಟ್ನಿಯನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ದಿನಾಂಕ ಹಾಕಲು ಕಲಿಸಿದರು. ಈಗಲೂ ಆಕೆಯ ಚಟ್ನಿ ಕುರುಗೋಡಿನ ಅಂಗಡಿಗಳಲ್ಲಿ ಸಿಗುತ್ತದೆ. ಆ ಮೊದಲ ವರ್ಷ ನಾನು ಕಂಡಷ್ಟು ಹೆಂಗಸರು ಧೈರ್ಯವಾಗಿ ಒಂದು ಕಚೇರಿಯೊಳಗೆ ಬಂದು ಕುರ್ಚಿಯಲ್ಲಿ ಕೂತದ್ದನ್ನು ಬೇರೆಲ್ಲೂ ಕಂಡಿಲ್ಲ. ಯೋಜನೆ ಕೆಟ್ಟದ್ದು ಎಂದು ನಾನು ಹೇಳಲಾರೆ.

ಬದಲಾವಣೆ ಯಾವಾಗ ಶುರುವಾಯಿತು ಎನ್ನುವುದೂ ನನಗೆ ಗೊತ್ತಾಗಲಿಲ್ಲ. ತಿಂಗಳಿಗೆ ಇಷ್ಟು ಜನರಿಗೆ ತರಬೇತಿ, ಇಷ್ಟು ಜನರಿಗೆ ಬ್ಯಾಂಕ್ ಸಾಲಕ್ಕೆ ಶಿಫಾರಸು ಎಂದು ಗುರಿ ಇತ್ತು. ಪ್ರತಿ ತರಬೇತಿಗೂ ಫೋಟೋ, ಪ್ರತಿ ಫೋಟೋದಲ್ಲೂ ಬ್ಯಾನರ್ ಕಾಣಬೇಕು. ಮೇಲಿನವರ ಮೀಟಿಂಗಿಗೆ ಮೇಡಂ ವಾರಕ್ಕೊಮ್ಮೆಯಾದರೂ ಹೋಗಬೇಕು. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಂದು ಬಾಡಿಗೆ ಕಾರಿನಲ್ಲಿ ಓಡಾಟ. ಅಂಗಡಿಗೆ ಹೋದರೂ ಒಂದು ತಾಸು, ಅರ್ಧ ತಾಸು. ಒಂದು ದಿನ ಅವರು ಒಬ್ಬ ಬೇಕರಿಯವನ ಮಾತು ಕೇಳುತ್ತಲೇ ಮಣಿಕಟ್ಟು ತಿರುಗಿಸಿ ಗಂಟೆ ನೋಡಿದರು. ಗಡಿಯಾರ ಕೈಯಲ್ಲೇ ಇತ್ತು. ಬೇಕರಿಯವನೂ ಅದನ್ನು ಕಂಡು ಮಾತು ಮೊಟಕು ಮಾಡಿದ.

‘ಬ್ಯಾಡ’ ಎನ್ನುವುದು ಕಡಿಮೆಯಾಯಿತು. “ನೋಡೋಣ”, “ಮಾಡಬಹುದು”, “ಅರ್ಜಿ ಹಾಕ್ರಿ” ಇವು ಹೆಚ್ಚಾದವು. ಅವರು ಸುಳ್ಳು ಹೇಳಿದರೆಂದಲ್ಲ. ಬೇಡ ಎನ್ನಬೇಕಾದರೆ ಕೂತು ನೋಡಿರಬೇಕು, ನೋಡಲು ಹೊತ್ತಿರಲಿಲ್ಲ, ಅಷ್ಟೇ.

ಬಳ್ಳಾರಿಯ ಹಳೆಯ ಗಿರಾಕಿಗಳಿಗೂ ಸುದ್ದಿ ಮುಟ್ಟಿತು. ಜೀನ್ಸ್ ಮಾಲೀಕ ಬಂದು, “ಏನ್ ಮೇಡಂ, ಸಿರುಗುಪ್ಪದಾಗ ಪುಗಸಟ್ಟೆ ಹೇಳ್ತೀರಂತ, ನಮಗ ಮಾತ್ರ ಫೀ ಏನ್ರಿ?” ಎಂದು ನಗುತ್ತಲೇ ಕೇಳಿದ. ಅವನಿಂದ ತೆಗೆದುಕೊಳ್ಳುವುದನ್ನು ಬಿಟ್ಟರು. ಒಬ್ಬನಿಗೆ ಬಿಟ್ಟರೆ ಉಳಿದವರಿಗೂ ಬಿಡಬೇಕಾಯಿತು. ಅನುದಾನ ಬರುತ್ತಿತ್ತಲ್ಲ, ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಹುಸೇನಸಾಬ್ ಮಾತ್ರ ಸಿರುಗುಪ್ಪದ ಕೇಂದ್ರಕ್ಕೆ ಬಂದು ಫೀ ತೆಗೆದುಕೊಳ್ಳಲೇಬೇಕು ಎಂದು ಹಟ ಹಿಡಿದರು. ಮೇಡಂ ನಿಯಮ ವಿವರಿಸಿದರು.

“ನಿಯಮ ಇರಲ್ರಿ ಅಕ್ಕಾರ. ರೊಕ್ಕ ಕೊಟ್ಟು ಕೇಳಿದ ಮಾತು ನನ್ನ ಕಿವ್ಯಾಗ ಉಳಿತೈತಿ. ಪುಗಸಟ್ಟೆ ಕೇಳಿದ್ದು ಮನಿಗೆ ಹೋಗೋದ್ರಾಗ ಮರ್ತುಹೋಕೈತಿ.”

“ತಗೊಂಡ್ರ ನನ್ನ ಅನುದಾನ ನಿಂದರತೈತಿ ಹುಸೇನಣ್ಣಾ” ಎಂದರು ಇವರು.

ಅವರು ಚಹಾ ಕುಡಿದು, ಸಲಾಂ ಹೇಳಿ ಹೋದರು. ಆಮೇಲೆ ಸಲಹೆಗೆಂದು ಬರಲಿಲ್ಲ.

ತೆಕ್ಕಲಕೋಟೆಯ ಈರಮ್ಮನ ವಿಷಯ ಬಂದದ್ದು ಮಾರ್ಚಿನಲ್ಲಿ. ಹಣಕಾಸು ವರ್ಷ ಮುಗಿಯುವ ಹೊತ್ತು, ಗುರಿ ಇನ್ನೂ ತುಂಬಿರಲಿಲ್ಲ. ಈರಮ್ಮನ ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮೆಣಸಿನಕಾಯಿ ಹುರಿದು ಖಾರ ಮಾಡುವುದರಲ್ಲಿ ಆಕೆಯ ಕೈ ಒಳ್ಳೆಯದೆಂದು ಓಣಿಯಲ್ಲಿ ಹೆಸರು. ಮನೆಯಲ್ಲೇ ಖಾರದ ಗಿರಣಿ ಹಾಕಬೇಕೆಂದು ಸಿರುಗುಪ್ಪದ ಕೇಂದ್ರಕ್ಕೆ ಬಂದಳು. ಅಲ್ಲಿನ ಸಿಬ್ಬಂದಿಯ ಹುಡುಗಿ ಚೆನ್ನಾಗಿ ವರದಿ ಮಾಡಿ ಬಳ್ಳಾರಿಗೆ ಕಳಿಸಿದಳು.

ಮೇಡಂ ಅದನ್ನು ಓದಿ ಫೋನಿನಲ್ಲಿ, “ಹೋಗಿ ಓಣಿ ನೋಡಿ ಬಂದ್ರೇನು?” ಎಂದು ಕೇಳಿದರು.

“ಮನಿ ಫೋಟೋ ತರಿಸೀನಿ ಮೇಡಂ” ಎಂದಳು ಆ ಹುಡುಗಿ.

ಮೇಡಂ ಸ್ವಲ್ಪ ಹೊತ್ತು ಕಾಗದ ಹಿಡಿದುಕೊಂಡೇ ಇದ್ದರು. ಆಮೇಲೆ ಸಾಲದ ಶಿಫಾರಸಿಗೆ ಸಹಿ ಮಾಡಿದರು. ಅವತ್ತು ಸಹಿಯಾದವು ಇನ್ನೂ ಬಹಳ ಇದ್ದವು.

ಮಳೆಗಾಲ ಕಳೆದ ಮೇಲೆ ಒಂದು ದಿನ, ಸಿರುಗುಪ್ಪದಿಂದ ಬರುವ ದಾರಿಯಲ್ಲಿ, ಸಾಲ ಪಡೆದವರ ಘಟಕ ನೋಡಿ ಹೋಗೋಣವೆಂದು ಅವರೇ ಕಾರು ತೆಕ್ಕಲಕೋಟೆಯ ಒಳಕ್ಕೆ ತಿರುಗಿಸಿದರು. ನಾನೂ ಜೊತೆಗಿದ್ದೆ. ಓಣಿಯ ಬಾಯಲ್ಲೇ ಗಿರಣಿಯ ಸದ್ದು, ಖಾರದ ಘಾಟು. “ಬೇಷ್ ನಡಿಯಾಕತೈತಿ” ಎಂದು ಮೇಡಂ ಸೀನುತ್ತಲೇ ಖುಷಿಯಿಂದ ಇಳಿದರು. ಸದ್ದು ಬರುತ್ತಿದ್ದುದು ಈರಮ್ಮನ ಮನೆಯಿಂದಲ್ಲ. ಮೂಲೆಯ ಮನೆಯದು ಒಂದು ಗಿರಣಿ, ಅದು ಹಳೆಯದು. ಗುಡಿಯ ಆಚೆ ಇನ್ನೊಂದು. ನಡುವೆ ಈರಮ್ಮನ ಪಡಸಾಲೆಯಲ್ಲಿ ಹೊಸ ಮಿಷನ್ ನಿಂತಿತ್ತು, ಧೂಳು ಕೂರದಂತೆ ಅದಕ್ಕೆ ಹಳೆಯ ಸೀರೆಯೊಂದನ್ನು ಹೊದಿಸಿದ್ದಳು.

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಚಾಪೆ ಹಾಸಿ, “ಕುಂದುರ್ರಿ ಅಕ್ಕಾರ” ಎಂದು ಚಹಾ ಮಾಡಲು ಒಳಗೆ ಹೋದಳು. ಮೇಡಂ ಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿದರು. ಕಾರಿನವನಿಗೆ ಕಾಯಬೇಡ, ನಾವು ಬಸ್ಸಿಗೆ ಬರುತ್ತೇವೆ ಎಂದು ಹೇಳಿ ಕಳಿಸಲು ನನಗೆ ಹೇಳಿದರು. ಆಮೇಲೆ ಬಾಗಿಲ ಪಕ್ಕಕ್ಕೆ ಸರಿದು ಕೂತರು.

ಸಂಜೆಯ ತನಕ ಕೂತೆವು. ಅಷ್ಟು ಹೊತ್ತಿಗೂ ಬಂದದ್ದು ಒಬ್ಬಳೇ ಮುದುಕಿ, ಕೈಚೀಲದಲ್ಲಿ ಸ್ವಲ್ಪ ಅರಿಷಿಣ ಕೊಂಬು ತಂದಿದ್ದಳು. ಈರಮ್ಮ ಸೀರೆ ಸರಿಸಿ, ಮಿಷನ್ ಹಚ್ಚಿ, ಬೀಸಿಕೊಟ್ಟು, ಮತ್ತೆ ಸೀರೆ ಹೊದಿಸಿದಳು.

“ಈರಮ್ಮ, ಓಣ್ಯಾಗ ಎರಡು ಗಿರಣಿ ಇದ್ದಿದ್ದು ನಿನಗ ಗೊತ್ತಿತ್ತಲ್ಲವಾ?” ಎಂದು ಮೇಡಂ ಕೇಳಿದರು.

“ಗೊತ್ತಿತ್ರಿ ಅಕ್ಕಾರ. ನಿಮ್ಮ ಆಫೀಸಿನ್ಯಾಗ ಸಹಿ ಆತಲ್ರಿ, ಅಷ್ಟು ಓದಿದೋರು ಆಗತೈತಿ ಅಂದಮ್ಯಾಲ ನಡಿತೈತಿ ಅಂದ್ಕೊಂಡೆ.”

ಮೇಡಂ ತಲೆಯಾಡಿಸಿದರು. ಚಹಾದ ಲೋಟ ಕೈಯಲ್ಲೇ ಇತ್ತು, ಆರಿಹೋಗಿತ್ತು. “ಈಗ ಏನ್ ಮಾಡ್ಲಿ, ಹೇಳ್ರಿ” ಎಂದಳು ಈರಮ್ಮ. “ನಾ ಮತ್ತ ಬರ್ತೀನಿ ತಂಗಿ” ಎಂದಷ್ಟೇ ಹೇಳಿ ಎದ್ದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. “ರೊಕ್ಕ ಕೊಡೋರ ಮುಖಾನ ನಾವು ನೋಡೋದು. ಮೊದಲು ಅಂಗಡಿಯಾವ ಕೊಡ್ತಿದ್ದ, ಅಂಗಡಿ ನೋಡ್ತಿದ್ದೆ. ಈಗ ಸರ್ಕಾರ ಕೊಡತೈತಿ, ಸರ್ಕಾರದ ಕಡಿ ನೋಡಿಕೋತ ಕುಂತೆ. ಈರಮ್ಮನ ಓಣಿ ನನ್ನ ಬೆನ್ನ ಹಿಂದ ಉಳೀತು.” ಸಮಾಧಾನಕ್ಕೆ ನಾನು ಏನೋ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಮರುವಾರವೇ ಜಿಲ್ಲೆಯ ಅಧಿಕಾರಿಯ ಹತ್ತಿರ ಹೋದರು. ಗುರಿ ಕಡಿಮೆ ಮಾಡಿ, ಪ್ರತಿಯೊಬ್ಬರ ಊರಿಗೂ ಹೋಗಿ ನೋಡಲು ಹೊತ್ತು ಕೊಡಿ, ಬೇಡವೆಂದು ತಿರುಗಿ ಕಳಿಸಿದವರನ್ನೂ ನಮ್ಮ ಕೆಲಸವೆಂದೇ ಎಣಿಸಿ ಎಂದು ಕೇಳಿಕೊಂಡರು. ಆತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ನೀವು ಹೇಳೋದು ಸರಿ ಮೇಡಂ. ಆದ್ರೆ ಎಷ್ಟು ಜನಕ್ಕೆ ಬೇಡ ಅಂದ್ರಿ ಅಂತ ಕೇಳೋ ಕಾಲಮ್ಮೇ ನಮ್ಮ ಹತ್ರ ಇಲ್ಲ. ನಾನು ಮೇಲಕ್ಕೆ ಏನಂತ ಬರೀಲಿ?”

ಆತನ ಮೇಲೆ ಮೇಡಂಗೆ ಎಂದೂ ಸಿಟ್ಟಿರಲಿಲ್ಲ. ಆತನ ಕೈಯಲ್ಲೂ ಏನಿರಲಿಲ್ಲ.

ಆಮೇಲೆ ಮೇಡಂ ತಾವಾಗಿಯೇ ನಿಧಾನಿಸಿದರು. ನೋಡದೆ ಸಹಿ ಮಾಡುವುದಿಲ್ಲ ಎಂದು ಕೂತರು. ಗುರಿ ತಪ್ಪಿತು. ಅನುದಾನದ ಕಂತು ತಡವಾಯಿತು, ಆದರೂ ಸಿಬ್ಬಂದಿಯ ಸಂಬಳ ನಿಲ್ಲಿಸಲಿಲ್ಲ, ಮನೆಯಿಂದ ತಂದು ಕೊಟ್ಟರು. ಅವಧಿ ಮುಗಿದಾಗ ಆ ಯೋಜನೆಯೇ ನಿಂತು ಅದರ ಬದಲು ಇನ್ನೊಂದು ಬಂತು. ಅದರ ನಿಯಮಗಳು ದೊಡ್ಡ ಸಂಸ್ಥೆಗಳಿಗೆ ಹೊಂದುವಂಥವು. ನಮ್ಮ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಸಿರುಗುಪ್ಪದ ಕೇಂದ್ರ ಮುಚ್ಚಿತು. ಕುರುಗೋಡಿನದು ಮುಚ್ಚಿದ ದಿನ ಬೋರ್ಡು ಇಳಿಸಲು ನಾನೊಬ್ಬಳೇ ಹೋದೆ. ಅವರು ಬರಲಿಲ್ಲ, ಮಾವ ಕೇಳಿದರೆ ಏನು ಹೇಳಲಿ ಎಂದರು. ಕೆಲಸ ಹೋದ ಹುಡುಗಿಯರಿಗೆ ಅಲ್ಲಿ ಇಲ್ಲಿ ಹೇಳಿ ಎಲ್ಲರಿಗೂ ಒಂದೊಂದು ನೆಲೆ ಮಾಡಿಕೊಟ್ಟರು. ನನಗೂ ಬಳ್ಳಾರಿಯಲ್ಲೇ ತೆರಿಗೆ ಲೆಕ್ಕ ನೋಡುವವರ ಕಚೇರಿಯಲ್ಲಿ ಕೆಲಸ ಹೇಳಿದರು. ನಾನು ಕೌಲ್ ಬಜಾರಿನ ಕೋಣೆ ಇರುವ ತನಕ ಬಿಡುವುದಿಲ್ಲ ಎಂದೆ.

ಕೋಣೆಯೂ ಬಹಳ ದಿನ ಇರಲಿಲ್ಲ. ಮತ್ತೆ ಹಳೆಯ ರೀತಿಯಲ್ಲೇ, ಫೀ ತೆಗೆದುಕೊಂಡು, ಒಂದೊಂದು ಅಂಗಡಿಯಲ್ಲಿ ಒಂದೊಂದು ದಿನ ಕೂತು ನಡೆಸೋಣವೆಂದು ಹೊರಟೆವು. ಜೀನ್ಸ್ ಮಾಲೀಕ ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿ, ಬಹಳ ಮರ್ಯಾದೆಯಿಂದಲೇ ಕೇಳಿದ: “ಇಷ್ಟು ವರ್ಷ ಹಂಗ ಹೇಳ್ತಿದ್ರಿ, ಈಗ ಮತ್ತ ಫೀ ಅಂದ್ರ ಹೆಂಗ್ರಿ ಮೇಡಂ? ಹೊಸ ಸ್ಕೀಮಿನೋರು ಪುಗಸಟ್ಟೆ ಬರ್ತೀವಿ ಅಂತಾರ.” ಉಳಿದವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ತಪ್ಪು ಅವರದೆನ್ನಲೂ ಆಗದು. ಬೆಲೆಯಿಲ್ಲದೆ ಸಿಗುತ್ತಿದ್ದುದಕ್ಕೆ ಮತ್ತೆ ಬೆಲೆ ಕಟ್ಟಿ ಎಂದರೆ ಯಾವ ವ್ಯಾಪಾರಸ್ಥನೂ ಹೀಗೇ ಕೇಳುತ್ತಾನೆ.

ಸಿರುಗುಪ್ಪಕ್ಕೆ ಹೋದಾಗ ಹುಸೇನಸಾಬ್ ಭಟ್ಟಿ ಬಿಟ್ಟು ಎದ್ದು ಬಂದರು. ಎಲ್ಲ ಕೇಳಿ, ಸ್ವಲ್ಪ ಹಿಂಜರಿದು, “ಒಬ್ಬನ ಒಬ್ಬ ಗಿರಾಕೀನ ನಂಬಬ್ಯಾಡ ಅಂತ ನನಗ ನೀವ ಹೇಳಿದ್ರಿ ಅಕ್ಕಾರ” ಎಂದರು. ಮೇಡಂ ನಗತೊಡಗಿದರು. ನಕ್ಕು ನಕ್ಕು ಚಾಳೀಸು ತೆಗೆದು ಕಣ್ಣೊರೆಸಿಕೊಂಡರು. “ನನಗ ಫೀ ಕೊಟ್ಟು ಕೇಳಿದ್ರಲ್ಲ ಹುಸೇನಣ್ಣಾ, ನಿಮಗ ನೆನಪೈತಿ. ನಾ ನನಗ ಪುಗಸಟ್ಟೆ ಹೇಳ್ಕೊಂಡಿದ್ದೆ, ಮರ್ತುಹೋತು.” ಹುಸೇನಸಾಬ್‌ಗೆ ನಗು ಬರಲಿಲ್ಲ. ಆಡಬಾರದ್ದು ಆಡಿದೆನೇನೋ ಎಂಬಂತೆ ಒಳಗೆ ಹೋಗಿ ನಮಗಾಗಿ ಒಂದು ಚೀಲ ಮಂಡಕ್ಕಿ ಕಟ್ಟಿಸಿದರು.

ಕೋಣೆ ಬಿಟ್ಟುಕೊಟ್ಟ ಮೇಲೆ ಅವರು ಮನೆಯಲ್ಲೇ ಇದ್ದರು. ಗುರುವಾರ ಮಾತ್ರ ತೆಕ್ಕಲಕೋಟೆಯ ಬಸ್ಸು ಹತ್ತುತ್ತಿದ್ದರು. ಈರಮ್ಮನ ಮಿಷನ್ನಿಗೆ ಗಿರಾಕಿ ಹುಡುಕಿದರು, ಕುರುಗೋಡಿನ ಕಡೆಯ ಒಂದು ಹಳ್ಳಿಗೆ ಅದು ಹೋಯಿತು. ಅಲ್ಲಿಗೆ ಮೊದಲು ತಾವೇ ಹೋಗಿ, ಬೇರೆ ಗಿರಣಿ ಇಲ್ಲವೆಂದು ನೋಡಿಕೊಂಡು ಬಂದಿದ್ದರು. ಈರಮ್ಮನಿಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅದಾದ ಮೇಲೂ ಗುರುವಾರದ ಪ್ರಯಾಣ ನಿಲ್ಲಲಿಲ್ಲ. ಇನ್ನೂ ಯಾಕೆ ಹೋಗುತ್ತೀರಿ, ಎಲ್ಲ ಸರಿಯಾಯಿತಲ್ಲ ಎಂದು ನಾನು ಕೇಳಿದರೆ, “ಹೋಗಿ ಒಂದೀಟು ಕುಂತು ಬರ್ತೀನಿ” ಎನ್ನುತ್ತಿದ್ದರು. ಮಾಸ್ತರಿಗೆ ಇದು ಚಿಂತೆ. “ಮನ್ಯಾಗ ಮಾತಾಡ್ತಾ ಮಾತಾಡ್ತಾ ನಡುವ ನಿಂತುಬಿಡ್ತಾಳವಾ. ಏನು ಅಂದ್ರ, ಆ ಸಹಿ ಅಂತಾಳ. ಎಷ್ಟೋ ಮಂದಿಗೆ ಒಳ್ಳೇದು ಮಾಡಿದಾಕಿ, ಆಕಿ ತಲ್ಯಾಗ ಉಳಿದಿರೋದು ಅದೊಂದ” ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು.

ಈ ಬೇಸಿಗೆಯಲ್ಲಿ ಎದೆನೋವು ಕಾಣಿಸಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು. ಜೀನ್ಸ್ ಮಾಲೀಕ ಬಂದಿದ್ದ, ಚಟ್ನಿಯ ಹೆಂಗಸು ಕುರುಗೋಡಿನಿಂದ ಬಂದಿದ್ದಳು. ಹುಸೇನಸಾಬ್ ಆ ಬಿಸಿಲಿನಲ್ಲಿ ಸಿರುಗುಪ್ಪದಿಂದ ಬಂದು, ಒಳಗೆ ಬರದೆ ಬೇವಿನ ಮರದ ಕೆಳಗೆ ಕೊನೆಯ ತನಕ ನಿಂತಿದ್ದರು.

ಆ ಗಡಿಬಿಡಿಯಲ್ಲಿ ಈರಮ್ಮನಿಗೆ ತಿಳಿಸುವುದು ಯಾರಿಗೂ ನೆನಪಾಗಿರಲಿಲ್ಲ. ಒಂದೆರಡು ದಿನದ ಮೇಲೆ ಆಕೆಯೇ ನನಗೆ ಫೋನು ಮಾಡಿ, ಗುರುವಾರ ಅಕ್ಕಾರು ಬರಲಿಲ್ಲ, ಆರಾಮಿದ್ದಾರಾ ಎಂದು ಕೇಳಿದಳು. ಹೇಳಿದೆ. ಆಮೇಲೆ ಆಕೆ ನಿಧಾನವಾಗಿ ಮಾತಾಡಿದಳು.

“ಅವರ ಮುಂದ ಒಂದು ಮಾತು ಹೇಳಬೇಕು ಅಂತ ಭಾಳ ದಿನದಿಂದ ಇತ್ರಿ. ಆ ಮಿಷನ್ ಬ್ಯಾಡ ಅಂತ ನಮ್ಮ ಮನಿಯವರು ಅಂದಿದ್ರು, ನಮ್ಮವ್ವ ಅಂದಿದ್ಲು, ಮೂಲಿ ಗಿರಣಿಯಾವ ಖುದ್ದು ಬಂದು ಹೇಳಿ ಹೋಗಿದ್ದ. ನಾ ಯಾರ ಮಾತೂ ಕೇಳಲಿಲ್ಲ. ಅಕ್ಕಾರು ಬ್ಯಾಡ ಅಂದಿದ್ರೂ ನಾ ತರ್ತಿದ್ದೆರಿ. ಅವತ್ತು ಅವರು ಬಂದು ಕುಂತಾಗ ನಾಚಿಕಿ ಆತು. ನಿಮ್ಮ ಸಹಿ ನಂಬಿದೆ ಅಂತ ಬಾಯಿಗೆ ಬಂದಿದ್ದು ಅಂದುಬಿಟ್ಟೆ.”

ಇದು ನಿಜವೋ, ಹೋದವರ ಮೇಲಿನ ಕನಿಕರಕ್ಕೆ ಆಡಿದ್ದೋ ನನಗೆ ತಿಳಿಯಲಿಲ್ಲ. ಇಷ್ಟು ಗುರುವಾರ ಎದುರಿಗೆ ಬಂದು ಕೂತಿದ್ದರಲ್ಲ, ಒಮ್ಮೆಯಾದರೂ ಅವರಿಗೆ ಹೇಳಬಾರದಿತ್ತೇ ಎಂದು ಕೇಳಿದೆ.

“ಅವರು ಆ ಮಾತು ಮತ್ತ ಕೇಳಲಿಲ್ರಿ” ಎಂದಳು ಈರಮ್ಮ. “ಬರೋರು, ಸುಮ್ನ ಕುಂತು ಹೋಗೋರು. ಇವತ್ತು ಕೇಳ್ತಾರ, ಮುಂದಿನ ವಾರ ಕೇಳ್ತಾರ ಅಂತ ನಾನೂ ಕಾಯ್ದೆ.”